ಸುರೇಬಾನದ ಹೆಜ್ಜೆ

ರಾಮದುರ್ಗದಲ್ಲಿ ಬೈಲಹೊಂಗಲದ ಬಸ್ಸು ಹತ್ತಿ ಕಿಟಕಿಯ ಬದಿಯ ಸೀಟು ಹಿಡಿದ ಜಟ್ಟೆಪ್ಪ ಎಲ್ಲಕ್ಕಿಂತ ಮೊದಲು ತನ್ನ ಎಡಗಾಲನ್ನು ಸೀಟಿನ ಕೆಳಗೆ ಅಡಗಿಸಿಟ್ಟ, ಟಿಕೆಟಿಲ್ಲದ ಕೋಳಿಯನ್ನು ಅಡಗಿಸಿಡುವ ಹಾಗೆ. ಆಮೇಲೆ ಧೋತರದ ಅಂಚನ್ನು ಅದರ ಮೇಲೆ ಇಳಿಬಿಟ್ಟ. ಆಮೇಲೆ ರುಮಾಲು ಸರಿಮಾಡಿಕೊಂಡು, ಇಡೀ ಬಸ್ಸನ್ನು ತನಗಾಗಿಯೇ ಕಳಿಸಿದ್ದಾರೆ ಅನ್ನುವ ಹಾಗೆ ಸುತ್ತ ನೋಡಿದ. ಜೇಬಿನಲ್ಲಿ ಕಾರ್ಡಿತ್ತು. ಗುಲಾಬಿ ಬಣ್ಣದ, ಕಡಕ್ ಕಾಗದದ, ಮೂಲೆಯಲ್ಲಿ ಗಂಡಭೇರುಂಡವಿದ್ದ ಸರಕಾರಿ ಕಾರ್ಡು. ಹದಿನೈದು ದಿನಗಳಲ್ಲಿ ಅದನ್ನು ಸುರೇಬಾನದ ಸಾವಿರ ಮನೆಗಳಿಗೂ ತೋರಿಸಿ ಬಂದಿದ್ದ, ಓಣಿಯ ನಾಯಿಗೂ ಒಮ್ಮೆ ಮೂಸಲು ಕೊಟ್ಟಿದ್ದ. ಆದರೆ ತೋರಿಸುವಾಗ ಪ್ರತಿ ಸಲವೂ ಹೆಬ್ಬೆರಳನ್ನು ಮೇಲಿನ ಸಾಲಿನ ಮೇಲೆ ಒತ್ತಿ ಹಿಡಿದಿದ್ದ. ಹೆಬ್ಬೆರಳಿನ ಕೆಳಗೆ ‘ವಿಶ್ವ ವಿಕಲಚೇತನರ ದಿನಾಚರಣೆ, ಸಾಧಕ ವಿಕಲಚೇತನರಿಗೆ ಸನ್ಮಾನ’ ಎಂದಿತ್ತು. ಹೆಬ್ಬೆರಳು ಮುಗಿದಲ್ಲಿಂದ ‘ಶ್ರೀ ಜಟ್ಟೆಪ್ಪ ಮಾಸ್ತರ, ದೊಡ್ಡಾಟ ಕಲಾವಿದರು, ಸುರೇಬಾನ’ ಎಂದು ಶುರುವಾಗುತ್ತಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕು ತಾಲೂಕಿಗೂ ಸೇರಿ ಮೂವರೇ ಕಲಾವಿದರು, ಅದರಲ್ಲಿ ತಾನೊಬ್ಬ. ಇಷ್ಟು ದೊಡ್ಡ ಸುದ್ದಿಗೆ ಒಂದು ಹೆಬ್ಬೆರಳನ್ನು ಅಡ್ಡ ಇಡಬೇಕಾಗಿ ಬಂದದ್ದರಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ ಅಂದರೆ, ಐದು ರೊಟ್ಟಿಯಲ್ಲಿ ಒಂದು ಉಳಿಯುತ್ತಿತ್ತು.

ಕಂಡಕ್ಟರ್ ಬಂದ. ಪಕ್ಕದಲ್ಲಿ ಕೂತ ಹೆಂಡತಿ ಕಾಡವ್ವ ಆಧಾರ್ ಕಾರ್ಡು ಎತ್ತಿ ತೋರಿಸಿದಳು. ಹಿಂದಿನ ಸೀಟಿನಿಂದ ಭಾಗ್ಯಾ ತನ್ನದನ್ನು ತೋರಿಸಿದಳು.

‘ನನಗೊಂದು ಫುಲ್ ಟಿಕೆಟ್,’ ಅಂದ ಜಟ್ಟೆಪ್ಪ.

‘ಮಾಸ್ತರ, ಕಿಸೆದಾಗ ಪಾಸ್ ಐತೆಲ್ರಿ,’ ಅಂದಳು ಭಾಗ್ಯಾ, ಡ್ರೈವರನಿಗೂ ಕೇಳುವ ಹಾಗೆ. ‘ಹೋದ ತಿಂಗಳ ನಾನ ಮಾಡ್ಸಿ ಕೊಟ್ಟೇನಿ. ಅಂಗವಿಕಲರ ಪಾಸು.’

‘ಅದು ಬ್ಯಾರೇದವರದು.’

‘ಫೋಟೋ ನಿಮ್ದ ಐತಿ.’

‘ಮೀಸಿ ನೋಡವಾ. ಫೋಟೋದಾಗಿನಾಂವಂದು ಸೋತ ಮೀಸಿ. ನಂದು ಹಂಗೈತೇನು?’

ಕಂಡಕ್ಟರ್ ನಗುತ್ತ ಟಿಕೆಟ್ ಕೊಟ್ಟ. ಕಾಡವ್ವ ನಗಲಿಲ್ಲ, ಮಡಿಲಿನಲ್ಲಿದ್ದ ಚೀಲವನ್ನು ಸುಮ್ಮನೆ ಒತ್ತಿಕೊಂಡಳು. ಭಾಗ್ಯಾ ಸುರೇಬಾನದ ಪಂಚಾಯಿತಿಯಲ್ಲಿ ಅಂಗವಿಕಲರ ಅರ್ಜಿ, ಕಾಗದ ನೋಡುವ ಹುಡುಗಿ. ಅವಳ ಬಲಗಾಲಿಗೂ ಕಬ್ಬಿಣದ ಪಟ್ಟಿ, ಬಗಲಲ್ಲಿ ಊರುಗೋಲು. ಅವಳು ಓಣಿಯಲ್ಲಿ ನಡೆದು ಬರುವುದನ್ನು ಕಂಡರೆ ಜಟ್ಟೆಪ್ಪನಿಗೆ ಸಿಟ್ಟು ಬರುತ್ತಿತ್ತು. ಯಾಕೆಂದರೆ ಅವಳು ಕುಂಟುವಾಗ ಬರೇ ಕುಂಟುತ್ತಿದ್ದಳು, ಅದಕ್ಕೊಂದು ಬೇರೆ ಹೆಸರು ಇಡುತ್ತಿರಲಿಲ್ಲ. ಕಣ್ಣು ತೋರಿಸಿಕೊಂಡು ಬರೋಣ ಎಂದು ಕಾಡವ್ವನೂ ಇವಳೂ ಸೇರಿ ತನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ, ಕಣ್ಣಿನ ಡಾಕ್ಟರ ಬಾಗಿಲು ದಾಟಿಸಿ, ಎಲುಬಿನ ಡಾಕ್ಟರ ಮುಂದೆ ಮಲಗಿಸಿದ್ದರು. ಮೂರು ಲೋಕದ ಯಾವ ಟೇಪಿಗೂ ಅರವತ್ತೆಂಟು ವರ್ಷ ಸಿಗದ ಕಾಲು ಅವತ್ತು ಸಿಕ್ಕಿಬಿದ್ದಿತು. ‘ಸಾಹೇಬರ, ಇದು ಕಾಲಲ್ರಿ, ಹೆಜ್ಜಿ,’ ಅಂದಿದ್ದ ಜಟ್ಟೆಪ್ಪ. ‘ಹೆಜ್ಜಿ ಎರಡ ಇಂಚ ಗಿಡ್ಡ ಐತ್ರಿ ಅಜ್ಜಾರ,’ ಅಂದು ಹುಡುಗ ಡಾಕ್ಟರು ನಲವತ್ತೈದು ಪರ್ಸೆಂಟ್ ಎಂದು ಬರೆದಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ, ತಾನು ಮುಟ್ಟಿದ್ದೆಲ್ಲ ನೂರಕ್ಕೆ ನೂರಾಗಿರುವಾಗ ಇದೊಂದಕ್ಕೆ ಯಾಕೆ ನಲವತ್ತೈದು ಬಿತ್ತು ಎಂದು ಜಗಳಾಡಬೇಕೋ, ಅಳಬೇಕೋ ಅವನಿಗೆ ತಿಳಿದಿರಲಿಲ್ಲ.

ಬಸ್ಸು ಊರು ಬಿಟ್ಟು ಎರೆ ಹೊಲಗಳ ನಡುವೆ ಓಡತೊಡಗಿತು. ಎರಡೂ ಕಡೆ ಹಿಂಗಾರಿ ಜೋಳ ಸೊಂಟದ ಮಟ್ಟಕ್ಕೆ ನಿಂತಿತ್ತು, ನಡುನಡುವೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ದಾರಿ ಬಿಡದೆ ತೂಗಾಡುತ್ತಿದ್ದವು. ಇಂಥದೇ ಬಸ್ಸು, ಆಗ ಕೆಂಪು ಇನ್ನೂ ಕೆಂಪಾಗಿತ್ತು, ಇಪ್ಪತ್ತೆರಡು ವರ್ಷದ ಜಟ್ಟೆಪ್ಪ ಇದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೊರಟಿದ್ದ. ಹುಟ್ಟಿದ್ದು ಸಂಪಗಾಂವದ ಕಡೆಯ ಹಳ್ಳಿ. ಅಲ್ಲಿ ಅವನ ಹೆಸರು ಕುಂಟ ಜಟ್ಟ. ಎರಡು ವರ್ಷದವನಿದ್ದಾಗ ಮೂರು ದಿನ ಜ್ವರ ಬಂದು ಕಾಲನ್ನು ಹಿಂಡಿ ಹೋಗಿತ್ತು. ಕರೆಯುವವರು ಪ್ರೀತಿಯಿಂದ ಕರೆದರೂ ಅದೇ, ಸಿಟ್ಟಿನಿಂದ ಕರೆದರೂ ಅದೇ. ದೊಡ್ಡಾಟದ ಪದಗಳೆಲ್ಲ ಬಾಯಿಪಾಠವಿದ್ದವು, ಮದ್ದಲೆ ಮುಟ್ಟಿದರೆ ಮದ್ದಲೆ ತಾನಾಗಿ ಮಾತಾಡುತ್ತಿತ್ತು, ಆದರೆ ಕುಂಟ ಜಟ್ಟನಿಗೆ ಅಲ್ಲಿ ಯಾರು ಗೆಜ್ಜೆ ಕಟ್ಟುತ್ತಾರೆ? ಸುರೇಬಾನದವರಿಗೆ ಒಬ್ಬ ಮಾಸ್ತರ ಬೇಕಾಗಿದ್ದಾನೆಂದು ಕೇಳಿ ಹೊರಟ. ಬಸ್ಸು ಸುರೇಬಾನ ಮುಟ್ಟುವ ಮೊದಲೇ ಸೀಟಿನಲ್ಲಿ ಕೂತು ಎರಡೂ ಕಾಲಿಗೆ ಗೆಜ್ಜೆ ಕಟ್ಟಿಕೊಂಡ. ಗೆಜ್ಜೆ ಕಟ್ಟಿಕೊಂಡೇ ಇಳಿದ. ಕರೆದೊಯ್ಯಲು ಬಂದ ಹಿರಿಯರು ನೋಡಿದ್ದು ಒಬ್ಬ ಕುಂಟನನ್ನಲ್ಲ. ಬಲಗಾಲನ್ನು ಥಾಂ ಎಂದು ಒಗೆದು, ಎಡಗಾಲನ್ನು ತಕ ಎಂದು ಎಳೆದುಕೊಂಡು, ಭುಜವನ್ನು ಆನೆಯ ಹಾಗೆ ತೂಗುತ್ತ ಬರುತ್ತಿದ್ದ ಒಬ್ಬ ರಾಜನನ್ನು. ‘ಇದು ಯಾವ ಹೆಜ್ಜಿರಿ ಮಾಸ್ತರ?’ ಎಂದು ಅವರಲ್ಲೊಬ್ಬ ಕೇಳಿದ. ‘ಭಾಳ ಹಳೇದು. ಈಗ ನನ್ನ ಬಿಟ್ರ ಯಾರಿಗೂ ಬರೂದಿಲ್ಲ,’ ಅಂದ ಜಟ್ಟೆಪ್ಪ. ಆ ಎರಡನೆಯ ಮಾತಂತೂ ಸುಳ್ಳಾಗಿರಲಿಲ್ಲ.

ಅವತ್ತು ಶುರುವಾದ ಹೆಜ್ಜೆಯನ್ನು ಅವನು ನಲವತ್ತಾರು ವರ್ಷ ಇಳಿಸಲಿಲ್ಲ. ಬಯಲಿಗೆ ಹೋದರೆ ಹೆಜ್ಜೆ, ಸಂತೆಗೆ ಹೋದರೆ ಹೆಜ್ಜೆ, ಸತ್ತವರ ಮನೆಗೆ ಹೋಗುವಾಗ ಮಾತ್ರ ಅದೇ ಹೆಜ್ಜೆ ಸ್ವಲ್ಪ ನಿಧಾನ. ಸುಗ್ಗಿ ಮುಗಿದ ಮೇಲೆ ತಾಲೀಮು. ಹತ್ತಿ ಬಿಡಿಸಿ, ಜೋಳ ಕೊಯ್ದು ಕೈ ಸೀಳಿಕೊಂಡ ಹುಡುಗರು ಜಳಕ ಮಾಡಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಪಡಸಾಲೆಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಆ ಎಣ್ಣೆಯ ವಾಸನೆ, ಎಬ್ಬಿಸಿದ ಧೂಳು, ಮದ್ದಲೆಗೆ ಹಚ್ಚುವ ಕರಣೆಯ ವಾಸನೆ, ಯಾವನೋ ಕದ್ದು ತಿನ್ನುತ್ತಿದ್ದ ಹುರಿದ ಶೇಂಗಾ. ಕೇರಿಯ ಜಟ್ಟೆಪ್ಪನ ಮುಂದೆ ಗೌಡರ ಮಕ್ಕಳೂ ಕೈಕಟ್ಟಿ ನಿಲ್ಲುತ್ತಿದ್ದರು. ಅವನು ಹೆಜ್ಜೆ ಹಾಕಿ ತೋರಿಸಿದ, ಅವರು ಹಾಕಿದರು. ಥಾಂ, ತಕ. ಬಲಗಾಲು ಭಾರ, ಎಡಗಾಲು ಹಗುರ. ಹತ್ತು ವರ್ಷದೊಳಗೆ ಅದಕ್ಕೆ ಸುರೇಬಾನದ ಹೆಜ್ಜೆ ಎಂಬ ಹೆಸರು ಬಂತು. ಮುನವಳ್ಳಿಯವರು ಕಲಿತು ಹೋದರು, ಕಿತ್ತೂರಿನ ಕಡೆಯವರು ಕಲಿತು ಹೋದರು. ನಾಲ್ಕು ತಾಲೂಕಿನ ರಾಜರೆಲ್ಲ ಕುಂಟತೊಡಗಿದರು. ದುರ್ಯೋಧನ ಕುಂಟಿದ, ಭೀಮನೂ ಕುಂಟಿದ. ರಾವಣ ಸೀತೆಯನ್ನು ಕುಂಟುತ್ತ ಕದ್ದೊಯ್ದ, ರಾಮ ಕುಂಟುತ್ತ ಬೆನ್ನಟ್ಟಿದ, ಹಾಗಾಗಿ ಯಾರಿಗೂ ಅನ್ಯಾಯವಾಗಲಿಲ್ಲ. ಒಮ್ಮೆ ಕನ್ನಡಕ ಹಾಕಿಕೊಂಡ ಒಬ್ಬ ಸಂಶೋಧಕ ಬಂದು ಮೂರು ದಿನ ಇದ್ದು, ಈ ಹೆಜ್ಜೆ ಗಾಯಗೊಂಡು ಕಾಳಗದಿಂದ ಮರಳಿದ ಕುದುರೆಯ ನಡೆಯಿಂದ ಬಂದಿರಬೇಕಲ್ಲವೇ ಎಂದು ಕೇಳಿದಾಗ, ಜಟ್ಟೆಪ್ಪ ಬಹಳ ಹೊತ್ತು ಯೋಚನೆ ಮಾಡಿದವನ ಹಾಗೆ ಕೂತು, ‘ಹೌದ್ರಿ, ಕುದುರಿ ಬಣ್ಣ ಬಿಳೇದಿತ್ತು,’ ಅಂದಿದ್ದ.

ಯರಗಟ್ಟಿಯಲ್ಲಿ ಬಸ್ಸು ನಿಂತಿತು. ಭಾಗ್ಯಾ ಇಳಿದು ಚಹಾ ತಂದುಕೊಟ್ಟಳು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮೂರು ಕಪ್ಪು, ಒಂದು ಹನಿ ಚೆಲ್ಲದೆ. ‘ವೇದಿಕಿ ಮ್ಯಾಲೆ ಎರಡ ಮಾತ ಆಡಾಕ ಹೇಳತಾರ್ರಿ ಮಾಸ್ತರ,’ ಅಂದಳು. ‘ಏನ್ ಮಾತಾಡತೀರಿ?’ ಜಟ್ಟೆಪ್ಪ ಚಹಾ ಊದಿದ. ಮಾತಾಡುವುದೇನು ಅವನಿಗೆ ಹೊಸದೇ? ದೊಡ್ಡಾಟದಲ್ಲಿ ಯಾವ ರಾಜನೂ ಸುಮ್ಮನೆ ಬಂದು ಕೂಡುವಂತಿಲ್ಲ. ಆಟದ ಅಟ್ಟ ಹತ್ತಿದೊಡನೆ ಸಾರಥಿ ಎದುರು ನಿಂತು, ತಾವು ಧಾರು, ತಮ್ಮ ನಾಮಾಂಕಿತವೇನು ಎಂದು ಕೇಳಬೇಕು. ಆಗ ರಾಜ ಮೀಸೆ ತಿರುವಿ ತನ್ನನ್ನು ತಾನು ಹೊಗಳಿಕೊಳ್ಳಬೇಕು, ಈರೇಳು ಲೋಕವನ್ನು ಗೆದ್ದವನೆಂದು, ಸೂರ್ಯನನ್ನು ಕಂದೀಲು ಮಾಡಿಕೊಂಡವನೆಂದು. ಇಷ್ಟು ವರ್ಷ ರಾಜರಿಗೆಲ್ಲ ಆ ಹೊಗಳಿಕೆ ಕಲಿಸಿದವನ ಬಾಯಿ ಈಗ ಒಣಗಿತ್ತು. ಯಾರು ನೀನು ಎಂದು ಆ ವೇದಿಕೆಯ ಮೇಲೆ ಕೇಳಿದರೆ ಹೆಬ್ಬೆರಳನ್ನು ಎಲ್ಲಿ ಇಡುವುದು? ಕುಂಟ ಎಂದು ಒಪ್ಪಿಕೊಂಡರೆ ಹೆಜ್ಜೆ ಸುಳ್ಳಾಗುತ್ತದೆ, ಒಪ್ಪದಿದ್ದರೆ ಸನ್ಮಾನ ಸುಳ್ಳಾಗುತ್ತದೆ. ಇದಾದರೂ ಹೇಗೋ ದಾಟಿಹೋಗುತ್ತಿತ್ತು, ಆದರೆ ಎರಡರ ನಡುವೆ ಪರಶು ನಿಂತಿದ್ದ.

ಪರಶು ಸಾವಂತ್ರೆವ್ವನ ಮಗ. ಆಗ ಅವನಿಗೆ ಹದಿನೇಳು ವರ್ಷ, ಜೋಳದ ದಂಟಿನ ಹಾಗೆ ನೆಟ್ಟಗಿನ ಕಾಲು. ಅವನಿಗೆ ಅರ್ಜುನನ ಪಾತ್ರ ಕೊಟ್ಟಿದ್ದ. ಪದ ಹೇಳಿದರೆ ಪಡಸಾಲೆಯ ಗುಬ್ಬಿಗಳು ಸುಮ್ಮನಾಗುತ್ತಿದ್ದವು, ಆದರೆ ಹೆಜ್ಜೆ ಮಾತ್ರ ಎರಡೂ ಕಾಲಿಗೆ ಸಮವಾಗಿ ಬೀಳುತ್ತಿತ್ತು. ಥಾಂ, ಥಾಂ. ‘ಎಡಗಾಲ ಎಳೀ,’ ಅಂದ ಜಟ್ಟೆಪ್ಪ ಒಂದು ದಿನ, ಎರಡು ದಿನ, ಹದಿನೈದು ದಿನ. ಹದಿನಾರನೆಯ ದಿನ ಸಂಜೆಯ ತಾಲೀಮಿನಲ್ಲಿ ಹುಡುಗ ಬೆವರು ಒರೆಸಿಕೊಂಡು, ಕೆಟ್ಟ ಬುದ್ಧಿಯಿಂದಲ್ಲ, ಲೆಕ್ಕ ಬಿಡಿಸಿದವನ ಸಂತೋಷದಿಂದ ಅಂದ: ‘ಮಾಸ್ತರ, ಈ ಎಳೆಯೂದು ನಿಮ್ಮ ಕಾಲಿಂದು ಅನಸ್ತೈತ್ರಿ, ಆಟದ್ದಲ್ಲ.’ ಮೂವತ್ತು ಮಂದಿ ಇದ್ದರು. ಒಬ್ಬನೂ ನಗಲಿಲ್ಲ. ಮೂವತ್ತು ಮಂದಿಯೂ ಒಟ್ಟಿಗೆ ನೆಲ ನೋಡಿದರು. ನಕ್ಕಿದ್ದರೆ ಜಟ್ಟೆಪ್ಪ ತಾನೂ ನಗುತ್ತಿದ್ದನೇನೋ. ಆ ನೆಲ ನೋಡುವಿಕೆಯಲ್ಲಿ, ಇಷ್ಟು ವರ್ಷ ಅವರೆಲ್ಲ ತನ್ನನ್ನು ಎಷ್ಟು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು ಎಂಬುದು ಒಂದು ಕ್ಷಣ ಹೊಳೆಯಿತು, ಹೊಳೆದದ್ದನ್ನು ನೋಡಲಾರದೆ ಕೈಯಲ್ಲಿದ್ದ ಹಿತ್ತಾಳೆಯ ತಾಳವನ್ನು ಬೀಸಿ ಒಗೆದ. ಅದು ಹುಡುಗನ ಹುಬ್ಬಿಗೆ ಬಿತ್ತು. ‘ನಿನ್ನ ಕಾಲಿಗೆ ಗೆಜ್ಜಿ ಹತ್ತೂದಿಲ್ಲ. ನಡಿ,’ ಅಂದ. ಪರಶು ಗೆಜ್ಜೆ ಬಿಚ್ಚಿ ಅವನ ಮುಂದಿಟ್ಟು, ರಕ್ತ ಸುರಿಯುತ್ತಿದ್ದ ಹಾಗೆಯೇ ಬಗ್ಗಿ ಕಾಲು ಮುಟ್ಟಿದ. ಮೊದಲು ಎಡಗಾಲು. ಆ ಬೆರಳುಗಳ ಬಿಸಿ ಮೂವತ್ತೆರಡು ವರ್ಷದಿಂದ ಆ ಕಾಲಿನಲ್ಲೇ ಇತ್ತು. ಡಾಕ್ಟರರ ಟೇಪು ಎರಡು ಇಂಚು ತೋರಿಸಿತೇ ಹೊರತು ಅದನ್ನು ತೋರಿಸಲಿಲ್ಲ.

ಹುಡುಗ ಊರು ಬಿಟ್ಟ. ಬೈಲಹೊಂಗಲದಲ್ಲಿ ಮೈಕು, ಶಾಮಿಯಾನ, ವೇದಿಕೆ ಹಾಕುವ ಧಂದೆ ಹಿಡಿದಿದ್ದಾನೆಂದು ಸುದ್ದಿ ಬಂತು. ಜಟ್ಟೆಪ್ಪ ಅವತ್ತಿನಿಂದ ಬೈಲಹೊಂಗಲಕ್ಕೆ ಕಾಲಿಡಲಿಲ್ಲ. ಯಾರಾದರೂ ಕೇಳಿದರೆ ಆ ಊರಿನ ನೀರು ನನಗೆ ಹಿಡಿಸುವುದಿಲ್ಲ ಅನ್ನುತ್ತಿದ್ದ.

ಮೈದಾನದ ಮುಂದೆ ಆಟೋದಿಂದ ಇಳಿಯುವಾಗ ಕಾಡವ್ವ ಅವನ ಚಪ್ಪಲಿಯನ್ನು ಸರಿಯಾಗಿ ಕಾಲಿನ ಮುಂದೆ ಇಟ್ಟಳು. ಎಡಗಾಲಿನ ಚಪ್ಪಲಿಗೆ ಬಲಗಾಲಿನದಕ್ಕಿಂತ ಎರಡು ಪದರ ಅಟ್ಟೆ ಹೆಚ್ಚು. ಮದುವೆಯಾದ ವರ್ಷದಿಂದ ಪ್ರತಿ ಹೊಸ ಜೋಡನ್ನೂ ಅವಳು ಒಂದು ದಿನ ಸೆರಗಿನಲ್ಲಿ ಒಯ್ದು ಹೊಲಿಸಿಕೊಂಡು ಬರುತ್ತಿದ್ದಳು. ಅವನು ಅದನ್ನು ಮೆಟ್ಟಿಕೊಳ್ಳುತ್ತಿದ್ದ. ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ಇವತ್ತು ಅವನು ಆ ಅಟ್ಟೆಯನ್ನೇ ನೋಡುತ್ತ ನಿಂತ. ‘ಯಾವಾಗ ಗೊತ್ತಾತು ನಿನಗ?’ ಅಂದ. ‘ಮದುವಿ ಅಕ್ಕಿಕಾಳ ಬೀಳೂಕಿಂತ ಮೊದ್ಲ,’ ಅಂದಳು ಕಾಡವ್ವ. ‘ನೀವು ಹಂದರದಾಗ ಬರೂದನ್ನ ಒಳಗಿಂದ ನೋಡಿದ್ನಿ. ಮೆಟ್ಟಗೋರಿ, ಹೊತ್ತಾತು.’

ಹಂದರದ ತುಂಬ ಊರುಗೋಲು, ಗಾಲಿಕುರ್ಚಿ, ಮೂರು ಗಾಲಿಯ ಸೈಕಲ್ಲು, ಕಪ್ಪು ಕನ್ನಡಕ. ಇಷ್ಟು ಮಂದಿ ಒಂದೇ ಕಡೆ ಇರುವುದನ್ನು ಜಟ್ಟೆಪ್ಪ ಯಾವತ್ತೂ ನೋಡಿರಲಿಲ್ಲ. ಯಾರೂ ಏನನ್ನೂ ಅಡಗಿಸಿಟ್ಟಿರಲಿಲ್ಲ. ಎರಡೂ ಕೈಯಿಲ್ಲದ ಒಬ್ಬ ಹೆಂಗಸು ಪಕ್ಕದವಳ ಜೊತೆ ಸೊಸೆಯ ಬಗ್ಗೆ ಜಗಳದ ದನಿಯಲ್ಲಿ ಮಾತಾಡುತ್ತಿದ್ದಳು. ವೇದಿಕೆಗೆ ಒಂದು ಬದಿ ಮೆಟ್ಟಿಲು, ಇನ್ನೊಂದು ಬದಿ ಗಾಲಿಕುರ್ಚಿ ಏರುವ ಇಳಿಜಾರು. ವೇದಿಕೆಯ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಯಾರೋ ಅಡಿಯಲ್ಲಿ ಮಲಗಿ ವೈರು ಕಟ್ಟುತ್ತಿದ್ದರು. ಎರಡೂ ಕಾಲು ಸಮ, ನೆಟ್ಟಗೆ. ಮುಖ ಕಾಣುವ ಮೊದಲೇ ಜಟ್ಟೆಪ್ಪನಿಗೆ ಗುರುತು ಸಿಕ್ಕಿತು.

ಪರಶು ಹೊರಗೆ ತೆವಳಿ ಬಂದು ಮೈ ಕೊಡವಿಕೊಂಡ. ಕೂದಲು ನರೆತಿತ್ತು. ಹುಬ್ಬಿನ ನಡುವೆ ಒಂದು ಗೆರೆಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ.

‘ಗುರ್ತ ಸಿಕ್ತೇನ್ರಿ ಮಾಸ್ತರ?’

‘ಹುಬ್ಬಿನ ಮ್ಯಾಲೆ ನನ್ನ ಸಹಿ ಐತೆಲೋ,’ ಅಂದ ಜಟ್ಟೆಪ್ಪ. ನಗೆಯ ಮಾತು ನಗೆಯಾಗಿ ಹೊರಗೆ ಬರಲಿಲ್ಲ. ಪರಶು ಮಾತ್ರ ನಕ್ಕ. ಬಸ್ಸಿನುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಜಟ್ಟೆಪ್ಪ ನುಂಗಿದ, ಮತ್ತೆ ಎತ್ತಿದ. ‘ಪರಶು. ಅವತ್ತ ನಿಂದು ಸರಿ ಇತ್ತೋ. ಅದು ಆಟದ ಹೆಜ್ಜಿ ಆಗಿರ್ಲಿಲ್ಲ. ನನ್ನ ಕಾಲಿಂದಾಗಿತ್ತು.’

‘ಗೊತ್ತೈತ್ರಿ,’ ಅಂದ ಪರಶು, ವೈರು ಸುತ್ತುತ್ತ. ‘ಊರಿಗೆಲ್ಲಾ ಗೊತ್ತಿತ್ತು. ನಾ ಹುಡುಗಬುದ್ಧಿ, ಬಾಯಿ ಬಿಟ್ನಿ.’ ವೈರು ಕೆಳಗಿಟ್ಟ. ‘ಆದ್ರ ಒಂದ ಮಾತ ಹೇಳ್ತೇನಿ ಮಾಸ್ತರ. ನೀವು ಹೊಡದದ್ದು ಮರತ್ನಿ. ನಿನ್ನ ಕಾಲಿಗೆ ಹತ್ತೂದಿಲ್ಲ ಅಂದ್ರಲ್ಲ, ಅದು ಕೊರಿತಿತ್ತು. ಸಮ ಹೆಜ್ಜಿ ಹಾಕಾಕ ಏನೈತ್ರಿ, ಎರಡ ಕಾಲ ಇದ್ರ ಆತು. ನಿಮ್ದು ಬರವಲ್ಲದಾತು. ಹನ್ನೆರಡ ವರ್ಷ ಹಿಡೀತು.’

‘ಏನು?’

ಪರಶು ಚಪ್ಪಲಿ ಕಳಚಿ, ವೇದಿಕೆಯ ಮೇಲೆ ಜಿಗಿದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಥಾಂ, ತಕ. ಥಾಂ, ತಕ. ಭುಜ ತೂಗಿತು, ಎಡಗಾಲು ಎಳೆದುಕೊಂಡು ಬಂತು, ಎಷ್ಟು ಬೇಕೋ ಅಷ್ಟೇ, ಎರಡು ಇಂಚು. ಜಟ್ಟೆಪ್ಪ ಕನ್ನಡಿಯಲ್ಲೂ ತಾನು ನಡೆಯುವುದನ್ನು ನೋಡಿರಲಿಲ್ಲ. ಇದೇನಾ ತಾನು? ಇಷ್ಟು ಚೆಂದ ಇತ್ತೇ ಇದು?

‘ನಾ ಹಾಕಿದ ಪ್ರತಿ ವೇದಿಕಿ ಹಿಂಗ ಹೆಜ್ಜಿ ಹಾಕೇ ನೋಡತೇನ್ರಿ,’ ಪರಶು ಮೇಲಿನಿಂದಲೇ ಹೇಳಿದ. ‘ಬಲಗಾಲ ಮ್ಯಾಲೆ ಎಲ್ಲಾ ಭಾರ ಬೀಳತೈತೆಲ್ರಿ, ಸಡಲಿದ್ದ ಹಲಿಗಿ ತಾನ ಒದರತೈತಿ. ನನ್ನ ಕೈಕೆಳಗಿನ ಮಂದೀಗೂ ಕಲಿಸೇನಿ. ಈ ನಾಕ ತಾಲೂಕದಾಗ ಎಂಥೆಂಥಾ ದೊಡ್ಡ ಮಂದಿ ಭಾಷಣ ಮಾಡ್ಯಾರ, ಎಲ್ಲಾರೂ ನಿಂತದ್ದು ಸುರೇಬಾನದ ಹೆಜ್ಜಿ ಹಾಕಿ ಪಾಸ್ ಮಾಡಿದ ಹಲಿಗಿ ಮ್ಯಾಲೆ. ಇವತ್ತಿನತನಾ ಒಂದೂ ಮುರದಿಲ್ಲ.’

ಅಷ್ಟರಲ್ಲಿ ಸಾಹೇಬರುಗಳು ಬಂದರು, ನಾಡಗೀತೆಗೆ ಎಲ್ಲರೂ ಎದ್ದು ನಿಂತರು, ನಿಲ್ಲಲಾಗದವರು ಕೂತೇ ನಿಂತರು. ಭಾಷಣಗಳು ಒಂದರ ಹಿಂದೊಂದು ಟ್ರ್ಯಾಕ್ಟರಿನ ಹಾಗೆ ದಾರಿ ಬಿಡದೆ ಸಾಗಿದವು. ಆಮೇಲೆ ಹೆಸರು ಕೂಗಿದರು. ನಿರೂಪಣೆ ಮಾಡುವ ಹೆಣ್ಣುಮಗಳು ಕಾಗದ ನೋಡಿ ಓದಿದಳು: ಎರಡನೆಯ ವಯಸ್ಸಿನಲ್ಲೇ ಪೋಲಿಯೋಗೆ ತುತ್ತಾಗಿ, ಎಡಗಾಲಿನ ಅಂಗವೈಕಲ್ಯವನ್ನು ಮೆಟ್ಟಿ ನಿಂತು. ಒಂದೊಂದು ಶಬ್ದವೂ ಪರಶುವಿನ ಸ್ಪೀಕರಿನಿಂದ ಹೊರಬಿದ್ದು ಬೈಲಹೊಂಗಲದ ಮೇಲೆಲ್ಲ ಹರಡಿತು. ಇಬ್ಬರು ಸ್ವಯಂಸೇವಕರು ಗಾಲಿಕುರ್ಚಿ ತಂದು, ‘ಕುಂಡ್ರಿ ಅಜ್ಜಾರ, ನಾವು ಒಯ್ತೇವಿ,’ ಅಂದರು. ಜಟ್ಟೆಪ್ಪ ಕೈಯಿಂದ ಅವರನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿನ ಕಡೆ ನಡೆದ. ಮೆಟ್ಟಿಲ ಬುಡದಲ್ಲಿ ನಿಂತ. ಆಟದ ಅಟ್ಟವನ್ನು ಯಾವನೂ ಚಪ್ಪಲಿ ಮೆಟ್ಟಿಕೊಂಡು ಹತ್ತುವುದಿಲ್ಲ. ಚಪ್ಪಲಿ ಬಿಟ್ಟ. ಒಂದರ ಪಕ್ಕ ಒಂದು ಕೂತವು, ಎತ್ತರದ್ದೂ ಗಿಡ್ಡದ್ದೂ, ಎಲ್ಲರಿಗೂ ಕಾಣುವ ಹಾಗೆ. ಕಾಡವ್ವ ಎತ್ತಿಕೊಳ್ಳಲು ಮುಂದೆ ಬಂದಳು. ‘ಇರ್ಲಿ ಬಿಡು,’ ಅಂದ.

ಮೊದಲ ಹೆಜ್ಜೆಗೇ ಇಡೀ ಮೈದಾನ ಗುಡುಗಿತು. ಥಾಂ. ಜಟ್ಟೆಪ್ಪ ಬೆಚ್ಚಿ ನಿಂತ. ಎಡಗಾಲು ಎಳೆದ. ತಕ. ವೇದಿಕೆಯ ಮೇಲೆ ಜಮಖಾನೆ ಇರಲಿಲ್ಲ, ಬರೀ ಹಲಗೆ. ಹಲಗೆಯ ಕೆಳಗೆ ಪರಶು ಕಟ್ಟಿದ್ದ ವೈರು ಏನೆಂದು ಈಗ ತಿಳಿಯಿತು. ಲುಚ್ಚಾ ಮಗ ಅಡಿಯಲ್ಲಿ ಮೈಕು ಇಟ್ಟಿದ್ದ. ನಲವತ್ತಾರು ವರ್ಷ ಗೆಜ್ಜೆಯ ಒಳಗೆ, ಧೋತರದ ಒಳಗೆ, ಸೀಟಿನ ಕೆಳಗೆ ಮುಚ್ಚಿಟ್ಟದ್ದು ಎಂಟು ಸ್ಪೀಕರಿನಿಂದ ಹೊರಟು ಮಾರ್ಕೆಟ್ಟಿನ ತನಕ ಹೋಗಿ ಬಡಿದು ಮರಳಿ ಬರುತ್ತಿತ್ತು. ಥಾಂ, ತಕ. ಥಾಂ, ತಕ. ಹಂದರದಲ್ಲಿ ಯಾರದೋ ಊರುಗೋಲು ನೆಲಕ್ಕೆ ತಾಳ ಹಾಕಿತು, ಅದು ಭಾಗ್ಯಾಳದೇ ಇರಬೇಕು, ಅವಳಿಗೆ ಸುಮ್ಮನಿರಲು ಬರುವುದಿಲ್ಲ. ಎಷ್ಟೋ ವರ್ಷದ ಹಿಂದಿನ ಕೊಬ್ಬರಿ ಎಣ್ಣೆಯ ವಾಸನೆ, ಶೇಂಗಾದ ಸಿಪ್ಪೆ, ಸಾಲಾಗಿ ನಿಂತ ಮೂವತ್ತು ಮಂದಿ. ಈ ಸಲ ಅವರು ನೆಲ ನೋಡುತ್ತಿರಲಿಲ್ಲ.

ಶಾಲು ಹೊದಿಸಿದರು, ಹಾರ ಹಾಕಿದರು. ನಿರೂಪಣೆಯವಳು ಎರಡು ಮಾತು ಎಂದು ಮೈಕು ಮುಂದೆ ಹಿಡಿಯುವಷ್ಟರಲ್ಲಿ, ಕೆಳಗಿನ ಆಂಪ್ಲಿಫೈಯರಿನ ಹತ್ತಿರದಿಂದ ಇನ್ನೊಂದು ದನಿ ಎದ್ದಿತು. ಮೂವತ್ತೆರಡು ವರ್ಷದ ಹಿಂದೆ ಗುಬ್ಬಿಗಳನ್ನು ಸುಮ್ಮನಿರಿಸಿದ ದನಿ, ಈಗ ಸ್ವಲ್ಪ ಒಡೆದಿತ್ತು.

‘ಭಲಾ ಪ್ರಭುವೇ, ಈ ಸಭಾಸ್ಥಾನಕ್ಕೆ ಬಂದಂ‌ಥಾ ತಾವು ಧಾರು? ತಮ್ಮ ನಾಮಾಂಕಿತವೇನು?’

ಜಟ್ಟೆಪ್ಪ ಎಂದಿನ ಹಾಗೆ ಈರೇಳು ಲೋಕದ ಕಡೆ ಕೈ ಚಾಚಿದ. ಬಾಯಿಗೆ ಬಂದದ್ದು ಬೇರೆ. ಯಾವ ಹೆಸರನ್ನು ಬಿಟ್ಟು ಓಡಿಬಂದಿದ್ದನೋ ಅದು ರಾಜನ ಗತ್ತಿನಲ್ಲಿ, ಮೀಸೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂತು.

‘ಎಲೈ ಸಾರಥಿ, ಚೆನ್ನಾಗಿ ಕೇಳುವಂಥವನಾಗು. ದುರ್ಯೋಧನನನ್ನು ಕುಂಟಿಸಿದವನು, ರಾಮ ರಾವಣರಿಬ್ಬರನ್ನೂ ಕುಂಟಿಸಿದವನು, ಈ ನಾಲ್ಕು ತಾಲೂಕಿನ ಸಕಲ ರಾಜರನ್ನೂ ತನ್ನ ಒಂದು ಕಾಲಿನ ಹಿಂದೆ ನಡೆಸಿದವನು, ಸಂಪಗಾಂವದ ಸೀಮೆಯ ಕುಂಟ ಜಟ್ಟನೆಂದು ನನ್ನ ನಾಮಾಂಕಿತ.’

ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ಜಟ್ಟೆಪ್ಪ ನಗು ಮುಗಿಯುವ ತನಕ ಕಾಯ್ದ. ಬಲಗಾಲನ್ನು ಎತ್ತಿ ಇನ್ನೊಮ್ಮೆ ಒಗೆದ, ಕಿವಿಗೊಟ್ಟ, ಮತ್ತೆ ಒಗೆದ. ಆಮೇಲೆ ಮೈಕಿಗೆ ಬಾಯಿ ಹತ್ತಿರ ತಂದು, ತಾಲೀಮಿನ ದನಿಯಲ್ಲಿ ಹೇಳಿದ:

‘ಪರಶು, ಬಲಗಡಿ ನಾಕನೇ ಹಲಿಗಿ ಒದರಾಕ ಹತ್ತೈತಿ. ಒಂದ ಮೊಳಿ ಹೊಡಿಯೋ.’